ಅರ್ಧ ಬೆಲೆಯ ಟ್ರೆಕ್ಕಿಂಗ್ ಶೂ: ಮೊದಲು ಸೋಲ್ ಒತ್ತಿ ನೋಡಿ

ಚಿಕ್ಕಮಗಳೂರಿನಲ್ಲಿ "ಸ್ಟಾಕ್ ಕ್ಲಿಯರೆನ್ಸ್, ಅರ್ಧ ಬೆಲೆ" ಅಂತ ಬೋರ್ಡ್ ಹಾಕಿ ಟ್ರೆಕ್ಕಿಂಗ್ ಶೂ ಮಾರುವುದನ್ನು ನೋಡಿರುತ್ತೀರಿ. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಅಂತ ಹೊರಟಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ.

ನನಗೆ ಸಿಕ್ಕಿದ ಜೋಡಿ ನೋಡೋಕೆ ಹೊಚ್ಚ ಹೊಸದು. ಒಳಗೆ ತುರುಕಿದ ಪೇಪರ್ ಕೂಡ ಹಾಗೇ ಇತ್ತು. ಹಾಕಿಕೊಂಡು ಸರ್ಪದಾರಿಯಿಂದ ಮುಳ್ಳಯ್ಯನಗಿರಿ ಹತ್ತಲು ಶುರು ಮಾಡಿದೆ. ಅರ್ಧ ದಾರಿಗೆ ಬಲಗಾಲಿನ ಹಿಮ್ಮಡಿ ಯಾಕೋ ಕುಸಿದ ಹಾಗಾಯಿತು. ಬಿಚ್ಚಿ ನೋಡಿದರೆ ಸೋಲ್ ಪುಡಿಪುಡಿ! ಅಂಟು ಬಿಟ್ಟಿದ್ದಲ್ಲ, ಸೋಲೇ ನೆನೆದ ರಸ್ಕಿನ ಹಾಗೆ ಬೆರಳಿಗೆ ಉದುರಿ ಬರುತ್ತಿತ್ತು. ಇಳಿಯುವಾಗ ಎಡಗಾಲಿನದೂ ಹೋಯಿತು. ಜೊತೆಗಿದ್ದ ಭಾವನ ಟವೆಲ್ ಹರಿದು ಎರಡೂ ಕಾಲಿಗೆ ಕಟ್ಟಿಕೊಂಡು ಇಳಿದೆ. ಉಂಬಳಗಳಿಗೆ ಹಬ್ಬ.

ಅಂಗಡಿಯವರ ಉತ್ತರ: "ನೀರಲ್ಲಿ ಹಾಕಿದ್ರೆ ಇನ್ನೇನಾಗುತ್ತೆ ಸಾರ್? ಸೇಲ್ ಮಾಲಿಗೆ ಗ್ಯಾರಂಟಿ ಇಲ್ಲ." ಮಳೆ ಸುರಿಯುವ ಮಲೆನಾಡಲ್ಲಿ ನಿಂತು ಹೇಳುವ ಮಾತೇ ಇದು?

ನಿಜ ಹೇಳಿದವರು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರು. "ಇದು ಪಿಯು ಸೋಲು ಸಾರ್. ನೀವು ನಡೆದು ಹಾಳಾಗಿದ್ದಲ್ಲ, ಅಂಗಡೀಲಿ ಕೂತೇ ಹಾಳಾಗಿರೋದು" ಅಂದರು. ಪಿಯು ಅಂದರೆ ಪಾಲಿಯುರೆಥೇನ್. ಹಗುರ, ಮೆತ್ತಗೆ, ಹೊಸದಾಗಿದ್ದಾಗ ಒಳ್ಳೆಯ ಮಾಲೇ. ಆದರೆ ಗಾಳಿಯ ತೇವ ನಿಧಾನವಾಗಿ ಅದರೊಳಗಿನ ಕಟ್ಟನ್ನೇ ಒಡೆಯುತ್ತದೆ. ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟರೂ ಕೆಲವು ವರ್ಷಕ್ಕೆ ಸತ್ತುಹೋಗುತ್ತದೆ. ನಮ್ಮ ಕಡೆಯ ತೇವಕ್ಕೆ ಇನ್ನೂ ಬೇಗ. ಮನೆಗೆ ಬಂದು ಪೆಟ್ಟಿಗೆಯ ಮೇಲಿನ ರಿಯಾಯಿತಿ ಚೀಟಿ ಕಿತ್ತೆ. ಅಡಿಯಲ್ಲಿ ತಯಾರಾದ ವರ್ಷ: 2018.

ಹಾಗಾಗಿ ಮೊದಲು ಆ ಚೀಟಿ ಎಬ್ಬಿಸಿ ನೋಡಿ. ಆಮೇಲೆ ಹಿಮ್ಮಡಿ ಕಡೆಯ ಸೋಲನ್ನು ಉಗುರಿನಿಂದ ಒತ್ತಿ. ಗುರುತು ಹಾಗೇ ಉಳಿದರೆ, ಅಂಟಂಟು ಅನ್ನಿಸಿದರೆ, ಕೂದಲೆಳೆಯಂಥ ಬಿರುಕು ಕಂಡರೆ ವಾಪಸ್ ಇಟ್ಟುಬಿಡಿ. ಇವಿಎ (ಇನ್ನೊಂದು ಬಗೆಯ ಹಗುರ ಫೋಮ್) ಅಥವಾ ರಬ್ಬರ್ ಸೋಲ್ ಹೀಗೆ ಪುಡಿಯಾಗುವುದಿಲ್ಲ. ಇವಿಎ ತುಳಿದು ತುಳಿದು ಚಪ್ಪಟೆಯಾಗುತ್ತದೆ, ಅದು ಬೇರೆ ಮಾತು. ಶೂ ಬಗ್ಗಿಸಿದರೆ ಬೆರಳಿನ ಬುಡದಲ್ಲಿ ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಬೆಟ್ಟಕ್ಕೆ ಅದು ಬೇಡ.

ಸೋಲಿನ ಅಂಚಿನಲ್ಲಿ ಹೊಲಿಗೆ ಕಂಡ ತಕ್ಷಣ ಗಟ್ಟಿ ಅಂದುಕೊಳ್ಳಬೇಡಿ. ನನ್ನದರಲ್ಲೂ ಚೆಂದದ ಹೊಲಿಗೆ ಇತ್ತು. ದಾರವೇ ಅಲ್ಲ, ಅಚ್ಚಿನಲ್ಲೇ ಮೂಡಿಸಿದ ಗೆರೆ! "ಅಪ್ಪಟ ಲೆದರ್" ಅಂದಿದ್ದೂ ಅಷ್ಟೇ. ಲೇಸಿನ ಅಡಿಯ ನಾಲಿಗೆಯ ಕತ್ತರಿಸಿದ ಅಂಚು ನೋಡಿದರೆ ತೆಳು ಪ್ಲಾಸ್ಟಿಕ್, ಅದರ ಅಡಿಯಲ್ಲಿ ಬಟ್ಟೆಯ ನೇಯ್ಗೆ. ನಿಜವಾದ ಚರ್ಮವಾಗಿದ್ದರೆ ಅಲ್ಲಿ ನಾರು ನಾರಾಗಿ ಕಾಣಬೇಕಿತ್ತು.

ನನಗೆ ಕೊಟ್ಟಿದ್ದು ಅಂಗಡಿ ಹೆಸರೂ ಇಲ್ಲದ ಬಿಳಿ ಚೀಟಿ. ನೀವು ಪಕ್ಕಾ ಬಿಲ್ಲನ್ನೇ ಕೇಳಿ, ಪೆಟ್ಟಿಗೆ ಎಸೆಯಬೇಡಿ. ತಕರಾರು ಬಂದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.