ತಿಳಿಗುಲಾಬಿ ಶಾಯಿ: ಒಂದು ಮಳೆಗಾಲ ದಾಟಿದ ಮೇಲೆ

ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಇಂಕ್ ಪೆನ್ನಿಗೆ ಶಾಯಿ ಕೇಳಿದರೆ ನೀಲಿ, ಕಪ್ಪು, ಕೆಂಪು, ಹೆಚ್ಚೆಂದರೆ ಹಸಿರು ಸಿಗುತ್ತದೆ. ಹಾಗಾಗಿ ತಿಳಿಗುಲಾಬಿ ಬಣ್ಣದ ಈ 50 ಮಿ.ಲೀ. ಬಾಟಲಿಯನ್ನು ಆನ್‌ಲೈನ್‌ನಲ್ಲೇ ತರಿಸಿಕೊಳ್ಳಬೇಕಾಯಿತು. ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ರೈಟರಾಗಿರುವ ನಾನು ದಿನವಿಡೀ ಆಳುಗಳ ಹಾಜರಿಯ ಚೆಕ್‌ರೋಲು, ಗೊಬ್ಬರದ ದಾಸ್ತಾನು, ಮಳೆ ಪುಸ್ತಕಗಳನ್ನು ಇಂಕ್ ಪೆನ್ನಿನಲ್ಲೇ ಬರೆಯುವವನು. 14 ತಿಂಗಳಲ್ಲಿ ಬಾಟಲಿಯ ಅರ್ಧದಷ್ಟು ಖರ್ಚಾಗಿದೆ. ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಇಷ್ಟು ತಿಳಿಯಾದ ಯಾವ ಶಾಯಿಗಾದರೂ ಸಲ್ಲುವಂಥವಾದ್ದರಿಂದ ಕಂಪನಿಯ ಹೆಸರನ್ನು ಬರೆದಿಲ್ಲ.

ಬಾಟಲಿಯಲ್ಲಿರುವಾಗ ಇದು ಪುನರ್ಪುಳಿ ಶರಬತ್ತಿನಷ್ಟು ಗಾಢವಾಗಿ ಕಾಣುತ್ತದೆ. ಅದನ್ನು ನೋಡಿ ಮೋಸಹೋಗಬಾರದು. ಕಾಗದದ ಮೇಲೆ ಒಣಗಿದ ಮೇಲೆ ಉಳಿಯುವುದು ಪನ್ನೇರಳೆ ಹಣ್ಣಿನ ಬಿಸಿಲು ಬಿದ್ದ ಕಡೆ ಕಾಣುವ ನಸುಗೆಂಪು ಮಾತ್ರ. ಬರೆಯುವ ಕ್ಷಣದಲ್ಲಿ, ಇನ್ನೂ ಹಸಿಯಿರುವಾಗ, ಗೆರೆ ಸ್ಪಷ್ಟವಾಗಿಯೇ ಇರುತ್ತದೆ. ಸಾಲಿನ ಕೊನೆಗೆ ಬಂದು ಹಿಂತಿರುಗಿ ನೋಡುವಷ್ಟರಲ್ಲಿ ಮೊದಲ ಪದ ಅರ್ಧ ಮಾಸಿದಂತಿರುತ್ತದೆ. ಮೊದಲ ವಾರ ನನ್ನ ಕನ್ನಡಕದ ನಂಬರೇ ಬದಲಾಗಿದೆಯೇನೋ ಎಂದು ಅನುಮಾನಪಟ್ಟದ್ದೂ ಉಂಟು.

ಎಲ್ಲವೂ ನಿಬ್ಬಿನ ಮೇಲೆ ನಿಂತಿದೆ. ಜಪಾನಿ ಪೆನ್ನುಗಳ ಫೈನ್ ನಿಬ್ಬು ಜರ್ಮನ್ ಪೆನ್ನುಗಳ ಫೈನ್ ನಿಬ್ಬಿಗಿಂತ ಸಾಮಾನ್ಯವಾಗಿ ಸಣ್ಣ ಗೆರೆ ಬಿಡುತ್ತದೆ. ಅಂಥದ್ದಕ್ಕೆ ಈ ಶಾಯಿ ತುಂಬುವುದು ದಂಡ. ಅದರಲ್ಲೂ ಕನ್ನಡಕ್ಕೆ ಇನ್ನೂ ಕಷ್ಟ. ನಮ್ಮ ಲಿಪಿಯಲ್ಲಿ ಅರ್ಥವೆಲ್ಲ ಸಣ್ಣ ಸಣ್ಣ ಗುರುತುಗಳಲ್ಲಿ ಅಡಗಿರುತ್ತದೆ: 'ಷ'ದ ಹೊಟ್ಟೆ ಸೀಳುವ ಗೆರೆ, 'ಥ'ದೊಳಗಿನ ಚುಕ್ಕೆ, 'ಧ'ದ ಅಡಿಯ ಗೀಟು. ಮಳೆ ಪುಸ್ತಕದ ಷರಾ ಕಾಲಂನಲ್ಲಿ ನಾನು 'ಮಧ್ಯಾಹ್ನ ಜೋರು ಮಳೆ' ಎಂದು ಫೈನ್ ನಿಬ್ಬಿನಿಂದ ಬರೆದಿದ್ದೆ. ಮರುದಿನ ನೋಡಿದರೆ ಅಡಿಯ ಗೀಟು ಕಾಗದದಲ್ಲಿ ಕರಗಿಹೋಗಿ, ಮಳೆಗೂ ಮದ್ಯಕ್ಕೂ ಸಂಬಂಧ ಕಲ್ಪಿಸುವ ವಾಕ್ಯವೊಂದು ಅಲ್ಲಿ ಉಳಿದಿತ್ತು.

ಬ್ರಾಡ್ ನಿಬ್ಬಿಗೆ ಬದಲಾಯಿಸಿದ ಮೇಲೆ ಓದಲು ಅಡ್ಡಿಯಿಲ್ಲದಂತಾಯಿತು. ತುದಿ ಚಪ್ಪಟೆಯಾಗಿರುವ 1.1 ಮಿ.ಮೀ. ಸ್ಟಬ್ ನಿಬ್ಬಿನಲ್ಲಂತೂ ಈ ಶಾಯಿಯ ಚೆಲುವೆಲ್ಲ ಹೊರಬೀಳುತ್ತದೆ. ಪೆನ್ನು ನಿಧಾನಿಸುವ ಕಡೆ, ಅಂದರೆ ತಲಕಟ್ಟು ತಿರುಗುವಲ್ಲಿ, ಕೊಂಬು ಮುಗಿಯುವಲ್ಲಿ, ಶಾಯಿ ಹನಿಗೂಡಿ ಗಾಢ ಗುಲಾಬಿಯಾಗುತ್ತದೆ. ಕೈ ವೇಗವಾಗಿ ಹೋದ ಕಡೆ ಬಹುತೇಕ ಬಿಳಿ. ದುಂಡಕ್ಷರದಲ್ಲಿ ತಿರುವುಗಳೇ ಹೆಚ್ಚಾದ್ದರಿಂದ ಈ ಬಣ್ಣದ ಏರಿಳಿತ ಇಂಗ್ಲಿಷ್ ಬರಹಕ್ಕಿಂತ ಕನ್ನಡದಲ್ಲಿ ಚೆನ್ನಾಗಿ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೆಳಕಿನ ವಿಷಯಕ್ಕೆ ಬಂದರೆ, ಹಗಲಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಹಳದಿ ಬಲ್ಬಿನ ಕೆಳಗೆ ಗುಲಾಬಿಯೂ ಕಾಗದವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಆಷಾಢದಲ್ಲಿ ಕರೆಂಟು ಹೋಗಿ ಮೇಣದಬತ್ತಿ ಹಚ್ಚಿ ಕುಳಿತ ಸಂಜೆಗಳಲ್ಲಿ ನಾನು ಬರೆದದ್ದನ್ನು ನಾನೇ ಬೆರಳಿಟ್ಟು ಹುಡುಕಬೇಕಾಯಿತು.

ಮಳೆಗಾಲದ ಪರೀಕ್ಷೆಯೇ ನಿಜವಾದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಚೇರಿಯ ಕಾಗದವೆಲ್ಲ ಹಪ್ಪಳ ಮೆತ್ತಗಾದ ಹಾಗೆ ತೇವ ಹೀರಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅಚ್ಚುಕಟ್ಟಾಗಿ ನಿಲ್ಲುತ್ತಿದ್ದ ಗೆರೆ ಜುಲೈನಲ್ಲಿ ಅದೇ ಲಾಂಗ್ ಬುಕ್ಕಿನಲ್ಲಿ ಅಂಚಿನುದ್ದಕ್ಕೂ ಬೇರುಬಿಟ್ಟಂತೆ ಹರಡಿತು. ನೀಲಿ ಶಾಯಿಯೂ ಹರಡಿತೆನ್ನಿ. ಆದರೆ ನೀಲಿ ಹರಡಿದರೆ ಅಕ್ಷರ ದಪ್ಪವಾಗುತ್ತದೆ, ಇದು ಹರಡಿದರೆ ಇರುವ ಅಷ್ಟಿಷ್ಟು ಬಣ್ಣವೂ ತೆಳುವಾಗಿ ಅಕ್ಷರವೇ ಮಾಯವಾಗುತ್ತದೆ. ನುಣುಪಾದ ದಪ್ಪ ಕಾಗದದಲ್ಲಿ ಹರಡುವುದಿಲ್ಲ, ಆದರೆ ಒಣಗಲು ಬೇಸಿಗೆಯಲ್ಲಿ 20 ಸೆಕೆಂಡು ಹಿಡಿದರೆ ಆ ದಿನಗಳಲ್ಲಿ ಒಂದು ನಿಮಿಷವೂ ಸಾಲದು.

ನೀರಿಗೂ ಬಿಸಿಲಿಗೂ ಇದು ನಿಲ್ಲುವುದಿಲ್ಲ. ಇಂಕ್ ಪೆನ್ನಿನ ಸಾಮಾನ್ಯ ಶಾಯಿಗಳು ನೀರಿನಲ್ಲಿ ಕರಗಿದ ಬಣ್ಣಗಳಷ್ಟೆ. ಕಾಗದದ ಮೇಲೆ ಒಂದು ಹನಿ ಬಿಟ್ಟು ಹೀರುಕಾಗದ ಒತ್ತಿದಾಗ ಬರೆದ ಗುರುತು ಕೂಡ ಉಳಿಯಲಿಲ್ಲ. ಬಿಸಿಲಿಗಾಗಿ ಒಂದು ಪಟ್ಟಿ ಬರೆದು, ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ, ಪೂರ್ವದ ಕಿಟಕಿಗೆ ಅಂಟಿಸಿದ್ದೆ. ಎರಡು ತಿಂಗಳ ನಂತರ ರಟ್ಟು ತೆಗೆದರೆ ಮುಚ್ಚಿದ ಭಾಗದಲ್ಲಿ ಅಕ್ಷರಗಳಿದ್ದವು, ತೆರೆದ ಭಾಗದಲ್ಲಿ ಹಳದಿಯ ನೆರಳಿತ್ತು. ಮೈಸೂರಿನಲ್ಲಿ 1937ರಲ್ಲಿ ಸ್ಥಾಪನೆಯಾದ ಬಣ್ಣದ ಕಾರ್ಖಾನೆಯಿಂದ ಬರುವ ಮತದಾನದ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದಷ್ಟೂ ಕಪ್ಪಾಗುತ್ತದೆ. ಇದರ ಸ್ವಭಾವ ಅದಕ್ಕೆ ನೇರ ವಿರುದ್ಧ.

ಪೆನ್ನಿನೊಳಗೆ ಮಾತ್ರ ಇದರಷ್ಟು ಸಾಧು ಶಾಯಿಯನ್ನು ನಾನು ಬಳಸಿಲ್ಲ. ಕಟ್ಟಿಕೊಳ್ಳುವುದಿಲ್ಲ, ಶಾಯಿ ತುಂಬಿಕೊಳ್ಳುವ ಕನ್ವರ್ಟರಿಗೆ ಕಲೆ ಹಿಡಿಯುವುದಿಲ್ಲ, ಮೂರು ಸಲ ನೀರು ಎಳೆದು ಬಿಟ್ಟರೆ ನಿಬ್ಬಿಗೆ ಶಾಯಿ ಹರಿಸುವ ಫೀಡ್ ಶುಚಿಯಾಗುತ್ತದೆ. ಒಂದು ವಿಚಿತ್ರವಿದೆ. ಅರೇಬಿಕಾ ಕೊಯ್ಲಿನ ಗಡಿಬಿಡಿಯಲ್ಲಿ ಮೂರು ವಾರ ಆ ಪೆನ್ನನ್ನು ಮುಟ್ಟಿರಲಿಲ್ಲ. ಮತ್ತೆ ತೆರೆದು ಬರೆದಾಗ ಮೊದಲ ನಾಲ್ಕೈದು ಸಾಲು ದಾಸವಾಳದಷ್ಟು ಕೆಂಪಾಗಿ ಬಂದು, ಆಮೇಲೆ ನಿಧಾನವಾಗಿ ಹಳೆಯ ಬಣ್ಣಕ್ಕೆ ಇಳಿಯಿತು. ಒಳಗಿನ ನೀರು ಆವಿಯಾಗಿ ಬಣ್ಣ ಮಾತ್ರ ಗಟ್ಟಿಯಾಗಿ ಉಳಿದದ್ದೇ ಇದಕ್ಕೆ ಕಾರಣ. ಆ ಐದು ಸಾಲಿನ ಬಣ್ಣದಲ್ಲೇ ಇಡೀ ಬಾಟಲಿ ಬಂದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿದ್ದು ಸುಳ್ಳಲ್ಲ.

ತಪ್ಪು ನನ್ನದೇ ಆದ ಒಂದು ನಷ್ಟವನ್ನೂ ಹೇಳಬೇಕು. ದಿನಬಳಕೆಗೆಂದು ಸಣ್ಣ ಶೀಷೆಯೊಂದಕ್ಕೆ 10 ಮಿ.ಲೀ. ಬಗ್ಗಿಸಿಟ್ಟುಕೊಂಡಿದ್ದೆ. ಸರಿಯಾಗಿ ತೊಳೆಯದ ನೀಲಿ ಪೆನ್ನಿನ ನಿಬ್ಬನ್ನು ಅದರಲ್ಲಿ ಒಮ್ಮೆ ಅದ್ದಿದ್ದಕ್ಕೇ ಶೀಷೆಯಷ್ಟೂ ನೇರಳೆಗೆ ತಿರುಗಿತು. ಕಡುಬಣ್ಣದ ಶಾಯಿಯಾಗಿದ್ದರೆ ಒಂದು ಹನಿ ನೀಲಿಯನ್ನು ನುಂಗಿ ಸುಮ್ಮನಿರುತ್ತಿತ್ತು. ಸಿರಿಂಜಿನಲ್ಲಿ ತುಂಬುವ ಅಭ್ಯಾಸ ಅಂದಿನಿಂದ ಬಂತು.

ಇಷ್ಟೆಲ್ಲ ಕುಂದುಗಳ ನಡುವೆಯೂ ಬಾಟಲಿ ನನ್ನ ಮೇಜಿನ ಮೇಲೆ ಉಳಿದದ್ದಕ್ಕೆ ಕಾರಣವಿದೆ. ಒಮ್ಮೆ ಮಳೆ ಪುಸ್ತಕದ ಪುಟಗಳನ್ನು ಜೆರಾಕ್ಸ್ ಮಾಡಿಸಿ ಯಜಮಾನರಿಗೆ ಕೊಟ್ಟಿದ್ದೆ. ಅವರು ಪುಟ ತಿರುವಿ, "ಷರಾ ಕಾಲಂ ಖಾಲಿ ಬಿಟ್ಟಿದ್ದೀರಲ್ರೀ?" ಎಂದರು. ಮೂಲ ಪುಸ್ತಕದಲ್ಲಿ ಆ ಕಾಲಂ ತುಂಬ ಗುಲಾಬಿ ಟಿಪ್ಪಣಿಗಳಿದ್ದವು. ಯಂತ್ರದ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಆಗ ನೆನಪಾದದ್ದು ಪರೀಕ್ಷೆಯ ಓಎಂಆರ್ ಹಾಳೆ. ಅದರ ಚೌಕಗಳನ್ನೂ ವೃತ್ತಗಳನ್ನೂ ತಿಳಿಗುಲಾಬಿಯಂಥ ಬಣ್ಣಗಳಲ್ಲಿ ಮುದ್ರಿಸುವುದು, ಸ್ಕ್ಯಾನರ್ ಅವನ್ನು ಬಿಟ್ಟು ಅಭ್ಯರ್ಥಿ ತುಂಬಿದ ಗುರುತುಗಳನ್ನಷ್ಟೇ ನೋಡಲಿ ಎಂದೇ. ಅದನ್ನೇ ನಾನು ಉಪಯೋಗಕ್ಕೆ ತಂದುಕೊಂಡೆ. ಈಗ ಮಳೆ ಪುಸ್ತಕದಲ್ಲಿ ಇಂಚು, ಸೆಂಟುಗಳ (ಸೆಂಟೆಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕ ನೀಲಿಯಲ್ಲಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ತೋಟದ ಯಾವ ಪಟ್ಟೆಗೆ ಸಾಲಲಿಲ್ಲ, ಹೂ ಕಾಯಿಕಟ್ಟಲು ಆಮೇಲೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು, ಮಾಪಕದ ನೀರು ಅಳೆಯುವಾಗ ನನಗೆ ಯಾವ ಅನುಮಾನ ಬಂತು ಎಂಬುದೆಲ್ಲ ಅದರ ಪಕ್ಕದಲ್ಲೇ ಗುಲಾಬಿಯಲ್ಲಿರುತ್ತದೆ. ಜೆರಾಕ್ಸ್ ಪ್ರತಿ ಸ್ವಚ್ಛ, ಮೂಲಪ್ರತಿ ನನ್ನ ಸ್ವಂತದ್ದು. ಮೊಬೈಲಿನಲ್ಲಿ ಕಪ್ಪು-ಬಿಳುಪು ಸ್ಕ್ಯಾನ್ ಮಾಡಿದರೂ ಇದೇ ಫಲ.

ಚೆಕ್ಕಿಗೆ, ರಸೀದಿಗೆ, ಅರ್ಜಿಗೆ, ಊರಿಗೆ ಬರೆಯುವ ಕಾಗದಕ್ಕೆ ಇದನ್ನು ಬಳಸಬೇಡಿ. ಒಂದೇ ಇಂಕ್ ಪೆನ್ನು ಇರುವವರು ಕೊಳ್ಳಲೇಬೇಡಿ. ಎರಡನೆಯ ಪೆನ್ನಿದ್ದು, ಅದಕ್ಕೆ ಬ್ರಾಡ್ ಅಥವಾ ಸ್ಟಬ್ ನಿಬ್ಬಿದ್ದು, ಇನ್ನೊಬ್ಬರಿಗೆ ತೋರಿಸಬೇಕಿಲ್ಲದ ಟಿಪ್ಪಣಿಗಳನ್ನು ಬರೆಯುವ ಅಭ್ಯಾಸವಿದ್ದವರು ಧಾರಾಳವಾಗಿ ಕೊಳ್ಳಬಹುದು, ಆದರೆ ಬರೆದ ಪುಸ್ತಕವನ್ನು ಕಬ್ಬಿಣದ ಬೀರುವಿನಲ್ಲಿ ಮುಚ್ಚಿಡಬೇಕು. ಉಳಿದರ್ಧ ಬಾಟಲಿಯನ್ನು ನಾನು ಅದೇ ಬೀರುವಿನ ಕೆಳಗಿನ ಅರೆಯಲ್ಲಿ, ಬೆಳಕು ಬೀಳದಂತೆ ಅದರ ರಟ್ಟಿನ ಡಬ್ಬಿಯೊಳಗೇ ಇಟ್ಟಿದ್ದೇನೆ.