ಹಳೆಯ ಮಿಯಾಟಾಗೆ ಮನೆಯಲ್ಲೇ ಮಾಡಿದ ಕೋಡ್ ರೀಡರ್

1990ರ ದಶಕದ ಆರಂಭದ 1.6 ಲೀಟರ್ ಮಾಜ್ದಾ ಮಿಯಾಟಾ ಕಾರಿನಲ್ಲಿ ಸ್ಕ್ಯಾನರ್ ಚುಚ್ಚಿ ದೋಷದ ಕೋಡ್ ಓದುವ ಓಬಿಡಿ-2 ಸಾಕೆಟ್ಟೇ ಇಲ್ಲ. ಆ ಕೋಡ್ ಓದಲು ಒಂದು ಎಲ್‌ಇಡಿ, 1 ಕಿಲೋ ಓಮ್ ರೆಸಿಸ್ಟರ್, ಎರಡು ತುಂಡು ವೈರ್ ಇದ್ದರೆ ಸಾಕು. ಬಾನೆಟ್ ಒಳಗಿನ ಡಯಾಗ್ನೋಸಿಸ್ ಡಬ್ಬಿಯಲ್ಲಿ ಟಿಇಎನ್ (TEN), ಜಿಎನ್‌ಡಿ (GND, ಗ್ರೌಂಡ್) ಪಿನ್‌ಗಳನ್ನು ವೈರ್‌ನಿಂದ ಜೋಡಿಸಿ. ಎಲ್‌ಇಡಿಯ ಉದ್ದ ಕಾಲನ್ನು ರೆಸಿಸ್ಟರ್ ಮೂಲಕ ಬ್ಯಾಟರಿ ಪ್ಲಸ್ ಬರುವ ಬಿ+ (B+) ಪಿನ್‌ಗೆ, ಗಿಡ್ಡ ಕಾಲನ್ನು ಎಫ್‌ಇಎನ್ (FEN) ಪಿನ್‌ಗೆ ಕೊಟ್ಟು ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಬೇಡ. ಉದ್ದ ಮಿನುಗು ಹತ್ತು, ಗಿಡ್ಡ ಮಿನುಗು ಒಂದು: ಒಂದು ಉದ್ದ, ಐದು ಗಿಡ್ಡ ಬಂದರೆ 15, ಅಂದರೆ ದೋಷ ಆಕ್ಸಿಜನ್ ಸೆನ್ಸರ್‌ನದು.

ರೆಸಿಸ್ಟರ್ ಬಿಟ್ಟರೆ ಎಲ್‌ಇಡಿ ಕ್ಷಣದಲ್ಲಿ ಸುಟ್ಟೀತು, ಕಾಲು ಅದಲುಬದಲಾದರೆ ಹೊತ್ತುವುದೇ ಇಲ್ಲ. ವೈರ್ ಬದಲು ಪೇಪರ್ ಕ್ಲಿಪ್ ಬಳಸುವವರಿದ್ದಾರೆ. ಅದು ಜಾರಿ ಬಿ+ ಮತ್ತು ಜಿಎನ್‌ಡಿ ತಾಗಿದರೆ ಶಾರ್ಟ್ ಆಗುತ್ತದೆ. ಇನ್ಸುಲೇಷನ್ ಇರುವ ವೈರೇ ವಾಸಿ.

ಲೈವ್ ಡೇಟಾ, ಅಂದರೆ ಎಂಜಿನ್ ಓಡುವಾಗಿನ ಸೆನ್ಸರ್ ಅಳತೆಗಳು, ಸಿಗದಿರುವುದೇ ದೊಡ್ಡ ಕೊರತೆ. ಕೋಡ್ ಹೇಳುವುದು ದೋಷ ಯಾವ ಸರ್ಕ್ಯೂಟ್‌ನಲ್ಲಿ ಅಂತ ಮಾತ್ರ. ಸೆನ್ಸರ್ ಕೊಳ್ಳುವ ಮುಂಚೆ ಕನೆಕ್ಟರ್ ಪಿನ್‌ಗಳ ಹಸಿರು ಕಿಲುಬು ನೋಡಿ.