ಡ್ಯಾಶ್‌ಕ್ಯಾಮ್ ಹಾಕಿಸಿದ್ದೀರಾ? ಬ್ರೇಕ್ ಪೆಡಲ್ ಹತ್ತಿರ ಒಮ್ಮೆ ಬಗ್ಗಿ ನೋಡಿ

ಕ್ಯಾತಸಂದ್ರದ ಹತ್ತಿರ, ಹೆದ್ದಾರಿ 48ರಲ್ಲಿ, ಮುಂದಿನ ಬಸ್ ನಿಧಾನವಾಯಿತು ಅಂತ ನಾನೂ ಬ್ರೇಕ್ ಒತ್ತಿದೆ. ಹಿಂದಿದ್ದ ಲಾರಿ ನಿಧಾನ ಮಾಡಲೇ ಇಲ್ಲ. ಕನ್ನಡಿ ತುಂಬಾ ಅದರ ಮೂತಿ. ಕೊನೇ ಗಳಿಗೆಯಲ್ಲಿ ಡ್ರೈವರ್ ಪಕ್ಕಕ್ಕೆ ಎಳೆದುಕೊಂಡು, ಉದ್ದಕ್ಕೆ ಹಾರ್ನ್ ಒತ್ತಿ, ಬೈದುಕೊಂಡೇ ಹೋದ. ಕುಡಿದಿದ್ದಾನೇನೋ ಅಂದುಕೊಂಡೆ. ಮುಂದೆ ಟೀ ಅಂಗಡಿಯಲ್ಲಿ ನಿಲ್ಲಿಸಿದಾಗ ಬೈಕಿನವರೊಬ್ಬರು ಹತ್ತಿರ ಬಂದು ಹೇಳಿದರು: "ಸಾರ್, ನಿಮ್ಮ ಬ್ರೇಕ್ ಲೈಟೇ ಹತ್ತುತ್ತಿಲ್ಲ."

ತಪ್ಪು ನನ್ನದೂ ಇದೆ. ಎರಡು ವಾರದಿಂದ ಕ್ರೂಸ್ ಕಂಟ್ರೋಲ್, ಅಂದರೆ ಆಕ್ಸಿಲರೇಟರ್ ಒತ್ತದೇ ಗಾಡಿಯನ್ನು ಒಂದೇ ವೇಗದಲ್ಲಿ ಓಡಿಸುವ ವ್ಯವಸ್ಥೆ, ಕೆಲಸ ಮಾಡುತ್ತಿರಲಿಲ್ಲ. ತುಮಕೂರು–ಬೆಂಗಳೂರು ರಸ್ತೆಯಲ್ಲಿ ಕ್ರೂಸ್ ಹಾಕಿಕೊಂಡು ಆರಾಮಾಗಿ ಹೋಗುವ ಯೋಗ ಯಾರಿಗಿದೆ ಹೇಳಿ, ಅದಕ್ಕೇ ಸುಮ್ನಿದ್ದೆ. ಆಮೇಲೆ ಗೊತ್ತಾಯಿತು, ಅದೇ ಮೊದಲ ಸೂಚನೆ. ಪೆಡಲ್ ಒತ್ತಿದ್ದನ್ನು ತಿಳಿಸುವ ಬ್ರೇಕ್ ಸ್ವಿಚ್‌ನ ಮೇಲೆ ನಂಬಿಕೆ ಹೋದರೆ ಇಂಜಿನ್ ಕಂಪ್ಯೂಟರ್ ಕ್ರೂಸ್ ಹಾಕಲು ಬಿಡುವುದೇ ಇಲ್ಲ. ಆಟೊಮ್ಯಾಟಿಕ್ ಗಾಡಿಯಾಗಿದ್ದರೆ ಗೇರ್ ಲಿವರ್ ಪಾರ್ಕಿಂಗ್‌ನಿಂದ ಹೊರಗೆ ಬರದೇ ಹಠ ಹಿಡಿಯಬಹುದು.

ಮೊದಲ ಗ್ಯಾರೇಜಿನಲ್ಲಿ ಬಲ್ಬ್ ಬದಲಾಯಿಸಿದರು. ಎರಡೂ ಬಲ್ಬ್ ಒಟ್ಟಿಗೆ ಸಾಯುವುದು ಅಪರೂಪ ಅಲ್ವಾ? ಆ ಪ್ರಶ್ನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ಆಗ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸ್ಕ್ಯಾನರ್ ಹಾಕಿದರು. ಪಿ0504 ಅನ್ನುವ ಕೋಡ್ ಬಂತು. ಸ್ವಿಚ್ ಕಿತ್ತು, ಅದಕ್ಕೆ ಬರುವ ವೈರಿಗೆ ಮೀಟರ್ ಇಟ್ಟರು. 12.4 ವೋಲ್ಟ್. "ಕರೆಂಟ್ ಸರಿಯಾಗಿ ಬರ್ತಿದೆ, ಸ್ವಿಚ್ಚೇ ಹೋಗಿದೆ" ಅಂತ ಹೊಸದು ಹಾಕಿದರು. ಲೈಟ್ ಹತ್ತಿತು. ಐದು ದಿನ ಹತ್ತಿತು.

ಆರನೇ ದಿನ ಇನ್ನೊಂದು ಕಡೆ ಹೋದೆ. ಅಲ್ಲಿ ಅದೇ ಕೋಡ್ ನೋಡಿ, ಎಬಿಎಸ್ ಮಾಡ್ಯೂಲ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಘಟಕ) ಬದಲಾಯಿಸಬೇಕು, 38,000 ಆಗುತ್ತದೆ ಅಂದರು. ಹೂಂ ಅನ್ನುವುದರಲ್ಲಿದ್ದೆ. ತಡೆದವಳು ಹೆಂಡತಿ.

ಆ ಕೋಡ್ ಏನು ಹೇಳುತ್ತದೆ ಅಂತ ಈಗ ಗೊತ್ತು. ನನ್ನ ಕಾರಿನ ಸ್ವಿಚ್ ಒಳಗೆ ಎರಡು ಜೋಡಿ ಕಾಂಟ್ಯಾಕ್ಟ್ ಇವೆ. ಪೆಡಲ್ ಒತ್ತಿದರೆ ಒಂದು ಜೋಡಿ ಸೇರಿ ದೀಪ ಹತ್ತಿಸುತ್ತದೆ, ಇನ್ನೊಂದು ಬಿಟ್ಟುಕೊಳ್ಳುತ್ತದೆ. ಕಂಪ್ಯೂಟರ್ ಎರಡನ್ನೂ ನೋಡುತ್ತಿರುತ್ತದೆ. ಒಂದು ಒತ್ತಿದೆ ಅಂದು, ಇನ್ನೊಂದು ಇಲ್ಲ ಅಂದರೆ ಪಿ0504. ಅಷ್ಟೇ. ಸ್ವಿಚ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ, ಮಾಡ್ಯೂಲ್ ಕೆಟ್ಟಿದೆ ಅಂತಲಂತೂ ಅಲ್ಲವೇ ಅಲ್ಲ. ಈ ಎರಡು ಸಿಗ್ನಲ್ ತಾಳೆಯಾಗುತ್ತಿಲ್ಲ, ಯಾಕೆ ಅಂತ ಹುಡುಕಿ ಅನ್ನುತ್ತದೆ. ಹುಡುಕುವುದನ್ನು ಯಾರೂ ಮಾಡಿರಲಿಲ್ಲ.

ಹುಡುಕಿದ್ದು ಅಂತರಸನಹಳ್ಳಿ ಕಡೆಯ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಸ್ಕ್ಯಾನರ್ ಮುಟ್ಟಲೇ ಇಲ್ಲ. ಸ್ವಿಚ್ ಕೀಳಲೂ ಇಲ್ಲ. ಅದು ಜಾಗದಲ್ಲೇ ಇರುವಾಗ, ಕನೆಕ್ಟರ್ ಹಿಂದಿನಿಂದ ಮೀಟರ್ ಮುಳ್ಳು ತೂರಿಸಿದರು. ಪೆಡಲ್ ಬಿಟ್ಟಾಗ 12.4. "ಈಗ ಒತ್ತಿ" ಅಂದರು. ಒತ್ತಿದೆ. 4 ವೋಲ್ಟಿಗೆ ಬಿತ್ತು! ಸ್ವಿಚ್‌ಗೆ ಬರುವ ಕರೆಂಟೇ ಬಿದ್ದುಹೋಗುತ್ತಿತ್ತು. ಫ್ಯೂಸಿನ ಎರಡೂ ಕಡೆ ನೋಡಿದರೆ 12 ಗಟ್ಟಿಯಾಗಿ ನಿಂತಿದೆ. ಅಂದರೆ ಕಾಯಿಲೆ ಫ್ಯೂಸಿಗೂ ಸ್ವಿಚ್‌ಗೂ ನಡುವಿನ ಮೂರಡಿ ವೈರಿನಲ್ಲಿ.

ಅವರು ಕೊಟ್ಟ ವಿವರಣೆ ನನಗೆ ಮರೆಯುವುದಿಲ್ಲ. ಟ್ಯಾಂಕಿನ ಪೈಪಿನಲ್ಲಿ ಕಸ ಕಟ್ಟಿಕೊಂಡಿದೆ ಅನ್ನಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ತಿರುಗಿಸಿದರೆ ಸಣ್ಣ ಧಾರೆ. ಸ್ವಿಚ್ ಕಿತ್ತು ಅಳೆದವರು ಮುಚ್ಚಿದ ನಲ್ಲಿಯನ್ನು ಅಳೆದಿದ್ದರು. ಹಿಂದಿನ ಎರಡು ಬಲ್ಬ್ 21 ವ್ಯಾಟಿನವು, ಎರಡೂ ಸೇರಿ ಸುಮಾರು ಮೂರೂವರೆ ಆಂಪಿಯರ್ ಎಳೆಯುತ್ತವೆ. ಅಷ್ಟು ಎಳೆಯುವಾಗ ಅಳೆದರೇ ನಿಜ ಗೊತ್ತಾಗುವುದು. ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಎರಡು ವೈರ್ ಕಟ್ಟಿದ ಒಂದು ಹಳೇ 21 ವ್ಯಾಟ್ ಬಲ್ಬ್ ಸಾಕು, ಅದು ಮಂಕಾದರೆ ಲೈನ್ ಸರಿಯಿಲ್ಲ ಅಂತ.

ಕಪ್ಪು ಟೇಪ್ ಬಿಚ್ಚುತ್ತಾ ಹೋದರು. ಪೆಡಲಿನ ಮೇಲ್ಗಡೆ ಒಂದು ನೀಲಿ ಪ್ಲಾಸ್ಟಿಕ್ ಕ್ಲಿಪ್ ಸಿಕ್ಕಿತು. ವೈರ್ ಕತ್ತರಿಸದೆ ಇನ್ನೊಂದು ವೈರ್ ಸೇರಿಸಲು ಹಾಕುತ್ತಾರಲ್ಲ, ಅದೇ. ಒಳಗಿನ ಬ್ಲೇಡ್ ಅರ್ಧಕ್ಕಿಂತ ಜಾಸ್ತಿ ಎಳೆಗಳನ್ನು ಕತ್ತರಿಸಿತ್ತು. ಉಳಿದವು ಹಸಿರುಗಟ್ಟಿ ಪುಡಿಯಾಗುತ್ತಿದ್ದವು. ಸ್ವಿಚ್ ಬದಲಾಯಿಸುವಾಗ ವೈರ್ ಅಲ್ಲಾಡಿ ಐದು ದಿನ ಸರಿಯಾಗಿ ತಾಗಿಕೊಂಡಿತ್ತು, ಅಷ್ಟೇ.

ಆ ಕ್ಲಿಪ್‌ನಿಂದ ಹೊರಟ ವೈರ್ ನೇರ ಡ್ಯಾಶ್‌ಕ್ಯಾಮ್‌ಗೆ ಹೋಗಿತ್ತು. ಗಾಡಿ ನಿಲ್ಲಿಸಿದಾಗಲೂ ಕ್ಯಾಮೆರಾ ಓಡಲಿ ಅಂತ ನಾನೇ ಕೇಳಿದ್ದೆ. ಬ್ರೇಕ್ ಸ್ವಿಚ್‌ಗೆ ಕೀ ತೆಗೆದರೂ ಕರೆಂಟ್ ಇರುತ್ತದೆ, ಕೈಗೂ ಸುಲಭವಾಗಿ ಸಿಗುತ್ತದೆ. ಅಂಗಡಿಯವರಿಗೆ ಇನ್ನೇನು ಬೇಕು? ಫ್ಯೂಸ್ ಬಾಕ್ಸಿನಿಂದ, ಬ್ರೇಕಿಗೆ ಸಂಬಂಧವಿಲ್ಲದ ಜಾಗದಿಂದ, ಬೇರೆ ಸಣ್ಣ ಫ್ಯೂಸ್ ಸಮೇತ ಎಳೆಯಬೇಕಿತ್ತು. ಹಾಕಿಸುವಾಗ ಕರೆಂಟ್ ಎಲ್ಲಿಂದ ತಗೋತೀರಿ ಅಂತ ಕೇಳಿ. ಆಗಲೇ ಹಾಕಿಸಿದ್ದರೆ ಟಾರ್ಚ್ ಹಿಡಿದು ಪೆಡಲಿನ ಮೇಲ್ಗಡೆ ನೋಡಿ, ನೀಲಿಯೋ ಕೆಂಪೋ ಕ್ಲಿಪ್ ಕಂಡರೆ ತೆಗೆಸಿ. ರಾತ್ರಿ ಗಾಡಿಯ ಹಿಂಭಾಗವನ್ನು ಗೋಡೆ ಹತ್ತಿರ ನಿಲ್ಲಿಸಿ ಬ್ರೇಕ್ ಒತ್ತಿದರೆ ಕೆಂಪು ಬೆಳಕು ಕನ್ನಡಿಯಲ್ಲೇ ಕಾಣುತ್ತದೆ. ಒಂದು ನಿಮಿಷ ಒತ್ತಿಕೊಂಡೇ ಇರಿ, ಮಂಕಾಗುತ್ತದಾ ನೋಡಿ.

ಕತ್ತರಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿ ಅವರು ತೆಗೆದುಕೊಂಡಿದ್ದು 350 ರೂಪಾಯಿ. ಅದಕ್ಕೆ ಮೊದಲು ನಾನು ಬಲ್ಬ್, ಸ್ವಿಚ್, ಲೇಬರ್ ಅಂತ ಸುರಿದಿದ್ದು ನಾಲ್ಕು ಸಾವಿರ ದಾಟಿತ್ತು.

ಕ್ಯಾಮೆರಾ ಮಾತ್ರ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅದು ಎಳೆಯುವ ಚೂರು ಕರೆಂಟಿಗೆ ಆ ಕೊಳೆತ ಎಳೆಗಳೇ ಸಾಕಾಗಿದ್ದವು. ಲಾರಿಯ ಹಾರ್ನ್ ಅದರಲ್ಲಿ ಚೆನ್ನಾಗಿ ರೆಕಾರ್ಡ್ ಆಗಿದೆ. ಕ್ಲಿಪ್ ಹಿಡಿದುಕೊಂಡು ಅಂಗಡಿಗೆ ಹೋಗಿ ತೋರಿಸಿದೆ. ಹುಡುಗ ತಿರುಗಿಸಿ ನೋಡಿ ವಾಪಸ್ ಕೊಟ್ಟ. "ಎಲ್ಲರಿಗೂ ಹೀಗೇ ಹಾಕ್ತೀವಿ ಸಾರ್" ಅಂದ.